ಹದಿಮೂರನೆಯ ಜೇಬು

ಜನವರಿ 4

ಅಕ್ಕಾ,

ಇದು ನಾಲ್ಕನೆಯ ಕಾಗದ. ಮೊದಲಿನ ಮೂರಕ್ಕೆ ನೀನು ಉತ್ತರ ಬರೆದಿಲ್ಲ. ಅಂಚೆಯವರು ಕಳೆದಿರಬೇಕು ಎಂದು ನನ್ನನ್ನು ನಾನೇ ನಂಬಿಸಿಕೊಳ್ಳಲು ನೋಡಿದೆ. ಮೂರನ್ನೂ ಕಳೆಯುವಷ್ಟು ಹಗೆ ಅವರಿಗೆ ನಮ್ಮ ಮೇಲೆ ಇರಲಾರದು.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿನ್ನ ಕೂಸು ಬಟನ್‌ಗೆ ಇದೇ ಎಂಟಕ್ಕೆ ಏಳು ತಿಂಗಳು ತುಂಬುತ್ತದೆ. ಹುಟ್ಟಿದ ದಿನದ ಲಸಿಕೆ ಆಗಿದೆ, ಆರು ವಾರದ್ದು ಆಗಿದೆ, ಹತ್ತು ವಾರದ್ದೂ ಆಗಿದೆ. ಹದಿನಾಲ್ಕು ವಾರದ್ದು ಸೆಪ್ಟೆಂಬರ್ 14ಕ್ಕೆ ಆಗಬೇಕಿತ್ತು. ಆಗಿಲ್ಲ. ಮಾರ್ಚ್ 8ಕ್ಕೆ ಒಂಬತ್ತು ತಿಂಗಳು, ಅವತ್ತಿನಿಂದ ದಡಾರದ ಲಸಿಕೆಯ ಸರದಿ. ಈ ದಿನಗಳನ್ನು ಯಾರೋ ಮೇಜಿನ ಮುಂದೆ ಕೂತು ಮನಸ್ಸಿಗೆ ಬಂದಂತೆ ಗೀಚಿದ್ದಲ್ಲ. ನಾಯಿಕೆಮ್ಮು ದೊಡ್ಡವರಿಗೆ ಬಂದರೆ ಕೆಮ್ಮು, ಮೂರು ತಿಂಗಳ ಕೂಸಿಗೆ ಬಂದರೆ ಉಸಿರೇ ಕಟ್ಟುತ್ತದೆ. ಅದಕ್ಕೇ ಅಷ್ಟು ಬೇಗ, ಅಷ್ಟು ಹತ್ತಿರ ಹತ್ತಿರ. ತಾಯಿಯಿಂದ ಬಂದ ರಕ್ಷಣೆ ದಡಾರದ ವಿರುದ್ಧ ಕೆಲವು ತಿಂಗಳು ಕಾಯುತ್ತದೆ, ಆಮೇಲೆ ಕರಗುತ್ತದೆ. ಅದಕ್ಕೇ ಒಂಬತ್ತು.

ನೀನು ಹೊಲಿದುಕೊಟ್ಟ ಬಟ್ಟೆ ನಮ್ಮ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಹಾಗೇ ಇದೆ. ಹನ್ನೆರಡು ತಿಂಗಳಿಗೆ ಹನ್ನೆರಡು ಜೇಬು, ಕೆಳಗೆ ಹದಿಮೂರನೆಯದು. ಪ್ರತಿ ಮಗುವಿನ ಕಾರ್ಡಿನ ಅರ್ಧ ತಾಯಿಯ ಹತ್ತಿರ, ಇನ್ನರ್ಧ ನಮ್ಮಲ್ಲಿ, ಮುಂದಿನ ಲಸಿಕೆ ಯಾವ ತಿಂಗಳೋ ಆ ಜೇಬಿನಲ್ಲಿ. ತಿಂಗಳು ಮುಗಿದಾಗ ಜೇಬಿನಲ್ಲಿ ಉಳಿದವರು ಬರದವರು. ಬಟನ್‌ನ ಅರ್ಧವನ್ನು ಸೆಪ್ಟೆಂಬರಿನಿಂದ ಅಕ್ಟೋಬರಿಗೆ, ಅಲ್ಲಿಂದ ನವೆಂಬರಿಗೆ, ಡಿಸೆಂಬರಿಗೆ, ಮೊನ್ನೆ ಜನವರಿಗೆ ನಾನೇ ಸರಿಸಿದ್ದೇನೆ. ನಿನ್ನ ಅರ್ಧವೂ ನನ್ನ ಹತ್ತಿರವೇ ಇದೆ. ಬಾಣಂತನಕ್ಕೆ ಬಂದಿದ್ದ ನೀನು ನಿನ್ನ ಊರಿಗೆ ಹೊರಟ ಬೆಳಿಗ್ಗೆ ಅದನ್ನು ಊಟದ ಮೇಜಿನ ಮೇಲೆ, ಲೋಟದ ಕೆಳಗೆ ಇಟ್ಟು ಹೋಗಿದ್ದೆ. ಮರೆತು ಹೋದೆ ಎಂದು ಮೊದಲು ಅಂದುಕೊಂಡೆ. ಮರೆತವರು ಮೇಲೆ ಲೋಟ ಇಡುವುದಿಲ್ಲ.

ನಿನ್ನ ಮೇಲಿನ ಮನೆಯ ಹೆಂಗಸು ಫೋನಿನಲ್ಲಿ ತೋರಿಸುವ, ಲಸಿಕೆ ಹಾಕಿಸಬೇಡಿ ಎನ್ನುವ ಚಿತ್ರಗಳನ್ನು ಆಧಾರವಾಗಿ ಹಿಡಿದು ನೀನು ಮಗುವನ್ನು ಬೆಳೆಸುತ್ತಿದ್ದೀಯ ಎಂದು ಭಾವ ಹೇಳಿದರು. ಆಕೆ ಯಾವ ಕಾಲೇಜಿನಲ್ಲಿ ಓದಿದ್ದು ಎಂದು ಕೇಳು. ಆರು ಕರಪತ್ರ ಇಟ್ಟಿದ್ದೇನೆ. ಹಳದಿಯದನ್ನು ಮೊದಲು ಓದು. ಅಡಿಗೆರೆ ಹಾಕಿದ ಸಾಲುಗಳನ್ನು ಎರಡು ಸಲ ಓದು.

ಆಗಸ್ಟಿನ ಆ ದಿನದ ವಿಷಯ ಮುಗಿಯಿತು ಎಂದುಕೊಂಡಿದ್ದೇನೆ. ಅದನ್ನು ಹಿಡಿದುಕೊಂಡು ಕೂರಬೇಡ.

ನೀನಿದ್ದ ಕೋಣೆಯನ್ನು ಬೇರೆ ಯಾರಿಗೂ ಕೊಟ್ಟಿಲ್ಲ.

ನಿನ್ನ ತಮ್ಮ


ಜನವರಿ 19

ಭಾಷಣಕಾರನಿಗೆ,

ನಿನ್ನ ನಾಲ್ಕೂ ಕಾಗದ ಬಂದಿವೆ. ಕರಪತ್ರಗಳು ಒಟ್ಟು ಇಪ್ಪತ್ತಮೂರು. ಹಾಳೆ ಗಟ್ಟಿಯಾಗಿದೆ, ಹೊಲಿಗೆಗೆ ಅಂಗಿಯ ಕಾಲರಿನ ಅಳತೆ ಕತ್ತರಿಸಲು ಉಪಯೋಗಕ್ಕೆ ಬಂದವು.

ಫೋನ್ ಮಾಡಬೇಡ ಎಂದು ಹೇಳಿದ್ದು ಸಿಟ್ಟಿನಿಂದಲ್ಲ. ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂ ಅನ್ನುತ್ತೇನೆ, ಇಟ್ಟ ಮೇಲೆ ನಾನು ಯಾವುದಕ್ಕೆ ಹೂಂ ಅಂದೆ ಎಂದು ನನಗೇ ಗೊತ್ತಾಗುವುದಿಲ್ಲ. ಎಂಟು ವರ್ಷದವನಿದ್ದಾಗಲೇ ಸ್ಟೂಲಿನ ಮೇಲೆ ನಿಂತು ಸಿಕ್ಕ ಕಾಗದವನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದೆ. ಆಗ ಕಿವಿಗೆ ಹತ್ತಿ ಇಟ್ಟುಕೊಳ್ಳಬಹುದಿತ್ತು. ಕಾಗದವಾದರೆ ನಾನು ಮಡಚಿ ಇಡಬಹುದು, ಗುಂಡಿ ಮನೆ ಹೊಲಿಯುತ್ತಾ ಯೋಚಿಸಬಹುದು.

ಮೇಲಿನ ಮನೆಯವರ ಚಿತ್ರಗಳನ್ನು ನಾನು ನೋಡಿದ್ದೇನೆ. ನಂಬಿಲ್ಲ. ಆದರೆ ಆಕೆ ಒಂದು ಕೆಲಸ ಮಾಡಿದರು. ನಾನು ಆ ಮಧ್ಯಾಹ್ನದ್ದನ್ನು ಹೇಳುವಾಗ ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿದರು. ನೀನು ಕೇಳಿಲ್ಲ. ಈಗ ಬರೆಯುತ್ತೇನೆ, ಓದು.

ಬೆಳಿಗ್ಗೆ ಹತ್ತೂವರೆಗೆ ನೀನೇ ಸೂಜಿ ಹಾಕಿದೆ. ಮನೆಗೆ ಬಂದೆ. ಹಾಲು ಕುಡಿದಳು, ಮಲಗಿದಳು, ಎದ್ದಳು, ಅತ್ತಳು. ಎರಡೂವರೆಗೆ ಎತ್ತಿಕೊಂಡರೆ ಅಳು ನಿಂತಿತು. ಒಳ್ಳೆಯದಾಯಿತು ಅಂದುಕೊಂಡೆ. ಆಮೇಲೆ ಕತ್ತು ಹಿಂದಕ್ಕೆ ವಾಲಿತು. ಕೈ ಎತ್ತಿದರೆ ಬಿತ್ತು. ಮುಖ ಬಿಳಿ ದಾರದ ಬಣ್ಣ. ಕರೆದೆ, ಅಂಗಾಲು ಚಿವುಟಿದೆ. ಕಣ್ಣು ಅರ್ಧ ತೆರೆದಿತ್ತು, ನೋಡುತ್ತಿರಲಿಲ್ಲ. ಚಪ್ಪಲಿ ಇಲ್ಲದೆ ನಿನ್ನ ಕೇಂದ್ರದ ತನಕ ಓಡಿದೆ. ಬಾಗಿಲ ಹತ್ತಿರ ಬರುವಾಗ ಅವಳು ಒಂದು ಸಲ ಮೈ ಮುರಿದು ನರಳಿದಳು.

ಬೆಂಚಿನ ಮೇಲೆ ಹದಿನೈದು ತಾಯಂದಿರು ಕೂತಿದ್ದರು. ಅವರೆಲ್ಲರ ಎದುರಿಗೆ ನೀನು ಅವಳ ಹಣೆ ಮುಟ್ಟಿ, "ನಿದ್ದೆ ಮಾಡ್ತಿತ್ತು ಅಕ್ಕ. ನಿಂಗೆ ಹಾಗೆ ಕಂಡಿರಬೇಕು" ಅಂದೆ. ನಕ್ಕೆ ಕೂಡ.

ನಿನ್ನ ಭಾವ ಅವತ್ತು ಲಾರಿ ಓಡಿಸುತ್ತಾ ಎಲ್ಲಿದ್ದರೋ. ಊರಿಗೆ ಒಬ್ಬಳೇ ಬಂದೆ. ಬಸ್ಸಿನಲ್ಲಿ ಎಂಟು ಗಂಟೆ ಅವಳ ಮೂಗಿನ ಕೆಳಗೆ ಬೆರಳು ಹಿಡಿದುಕೊಂಡೇ ಇದ್ದೆ.

ನನಗೆ ಕರಪತ್ರ ಬೇಡ. ಕಾರ್ಡಿನ ಕೆಳಗೆ "ಷರಾ" ಎಂದು ಒಂದು ಖಾಲಿ ಸಾಲು ಇದೆ. ಅವತ್ತು ಆದದ್ದನ್ನು ಅಲ್ಲಿ ನಿನ್ನ ಕೈಯಿಂದ ಬರೆ. ಬರೆದು ಕಳಿಸು. ಆಮೇಲೆ ಮುಂದಿನ ಮಾತು.

ಅಕ್ಕ


ಜನವರಿ 30

ಅಕ್ಕಾ,

ಓದಿದೆ. ಕೊನೆಯವರೆಗೂ ಓದಿದೆ.

ನಾನು ಬರೆಯಲಾರೆ. ಯಾಕೆ ಎಂದು ಹೇಳುತ್ತೇನೆ, ಇದನ್ನೂ ಭಾಷಣ ಎಂದು ಮಡಚಿ ಇಡಬೇಡ.

ನಮ್ಮ ಕೇಂದ್ರಕ್ಕೆ ವಾರಕ್ಕೆ ಎರಡು ದಿನ ತಾಯಂದಿರು ಬರುತ್ತಾರೆ. ಅರ್ಧ ಜನ ಹೆದರಿಕೊಂಡೇ ಬರುತ್ತಾರೆ. ಒಂದು ಬೀದಿಯಲ್ಲಿ ಒಬ್ಬಳು "ಅಲ್ಲಿ ಹಾಕಿಸಿದ ಮೇಲೆ ಮಗು ಜೋತುಬಿತ್ತಂತೆ" ಅಂದರೆ ಸಾಕು, ಆ ಬೀದಿಯ ಕಾರ್ಡುಗಳೆಲ್ಲ ಜೇಬಿನಲ್ಲೇ ಉಳಿಯುತ್ತವೆ. ನಾನು ಒಂದೊಂದು ಮನೆಯ ಬಾಗಿಲು ತಟ್ಟಿ, ಬೈಸಿಕೊಂಡು, ನಾಯಿ ಅಟ್ಟಿಸಿಕೊಂಡು ಈ ಎರಡು ವರ್ಷದಲ್ಲಿ ಜನವನ್ನು ಕರೆತಂದಿದ್ದೇನೆ. ನನ್ನದೇ ಅಕ್ಕನ ಮಗುವಿನ ಕಾರ್ಡಿನ ಮೇಲೆ, ನನ್ನದೇ ಕೈಬರಹದಲ್ಲಿ ಆ ಸಾಲು ಇದ್ದರೆ ಅದರ ಫೋಟೋ ಮೇಲಿನ ಮನೆಯವರ ಫೋನಿಗೆ ಹೋಗಲು ಎಷ್ಟು ಹೊತ್ತು ಬೇಕು? ಹತ್ತೂವರೆಗೆ ಸೂಜಿ, ಎರಡೂವರೆಗೆ ಹೀಗಾಯಿತು. ಒಂದರ ಹಿಂದೆ ಒಂದು ಬಂದದ್ದೆಲ್ಲ ಒಂದರಿಂದ ಒಂದು ಬಂದದ್ದಲ್ಲ. ಮಕ್ಕಳು ದಿನಕ್ಕೆ ನೂರು ರೀತಿ ಹೆದರಿಸುತ್ತವೆ.

ಮತ್ತೆ ನಾನು ಯಾಕೆ ಇಷ್ಟು ಹಟ ಮಾಡುತ್ತೇನೆ ಎಂದು ನಿನಗೆ ಹೇಳಬೇಕಾಗಿಲ್ಲ ಅಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ನಿನ್ನ ನನ್ನ ನಡುವೆ ಒಬ್ಬಳಿದ್ದಳು. ನಡುವಿನವಳು. ಅವಳಿಗೆ ಈ ಕಾರ್ಡ್ ಇದ್ದಿದ್ದರೆ, ಅದರಲ್ಲಿ ಒಂಬತ್ತು ತಿಂಗಳ ಮುಂದೆ ಒಂದು ಸಣ್ಣ ಗುರುತು ಬಿದ್ದಿದ್ದರೆ, ಅವಳಿಗೆ ಈಗ ಇಪ್ಪತ್ತೆಂಟು ವರ್ಷ. ನಾನು ಓದಿದ ಮೊದಲ ಕರಪತ್ರ ದಡಾರದ್ದು. ಹದಿಮೂರು ವರ್ಷದವನಿದ್ದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಬಿದ್ದಿತ್ತು. ತಡೆಯಬಹುದಾಗಿತ್ತು ಎಂಬ ಒಂದು ಮಾತು ಅದರಲ್ಲಿತ್ತು. ಅವತ್ತಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ.

ನೀನು ಅದನ್ನು ಮರೆತಿದ್ದೀಯ ಎಂದು ನನಗೆ ಭಯ.

ತಮ್ಮ


ಫೆಬ್ರವರಿ 11

ತಮ್ಮಾ,

ನಡುವಿನವಳ ವಿಷಯ ನೀನು ಓದಿ ತಿಳಿದದ್ದು. ನಿನಗಾಗ ನಾಲ್ಕು ವರ್ಷ, ನಿನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದೆವು. ಅಮ್ಮ ಬಾಗಿಲಲ್ಲೇ ಕೂತುಬಿಟ್ಟಳು. ಆಸ್ಪತ್ರೆಗೆ ಎತ್ತಿಕೊಂಡು ಓಡಿದವಳು ನಾನು. ಹನ್ನೆರಡು ವರ್ಷ ನನಗೆ, ಆರು ವರ್ಷ ಅವಳಿಗೆ. ಸೇತುವೆಯ ಹತ್ತಿರ ಅವಳ ತೂಕ ಬದಲಾಯಿತು. ಇದ್ದಕ್ಕಿದ್ದಂತೆ ಭಾರವಾದಳು, ಕತ್ತು ನನ್ನ ತೋಳಿನ ಮೇಲೆ ಹಿಂದಕ್ಕೆ ವಾಲಿತು. ಆಸ್ಪತ್ರೆಯವರು ಹೇಳುವ ಮೊದಲೇ ನನಗೆ ಗೊತ್ತಿತ್ತು.

ಆಗಸ್ಟ್ ಹದಿನೇಳರಂದು ನನ್ನ ತೋಳಿನ ಮೇಲೆ ಅದೇ ತೂಕ ಬಂತು.

ನಿನಗೆ ಹಾಗೆ ಕಂಡಿರಬೇಕು ಅಂದೆ.

ಇನ್ನು ಬರೆಯಬೇಡ.

ಅಕ್ಕ


ಫೆಬ್ರವರಿ 26

ಅಕ್ಕಾ,

ಬರೆಯಬೇಡ ಅಂದರೂ ಬರೆಯುತ್ತಿದ್ದೇನೆ. ಈ ಒಂದನ್ನು ಓದು. ಆಮೇಲೆ ಇದನ್ನೂ ಕಾಲರಿಗೆ ಕತ್ತರಿಸು.

ನಿನ್ನ ಕಾಗದ ಬಂದ ದಿನ ಲಸಿಕೆಯ ದಿನ. ಮಧ್ಯಾಹ್ನದವರೆಗೆ ಮೂವತ್ತೊಂದು ಮಕ್ಕಳಿಗೆ ಸೂಜಿ ಹಾಕಿದೆ. ಪ್ರತಿ ಮಗುವಿನ ಕತ್ತು ನೋಡುತ್ತಿದ್ದೆ. ಸಂಜೆ ಐಸ್ ಪೆಟ್ಟಿಗೆ ತೊಳೆದಿಟ್ಟು ಹಿರಿಯ ನರ್ಸಮ್ಮನ ಮೇಜಿನ ಮುಂದೆ ಹೋಗಿ ನಿಂತೆ. ನಿನಗೆ ಗೊತ್ತಲ್ಲ, ಆಕೆ ಕನ್ನಡಕ ತಲೆಯ ಮೇಲೆ ಏರಿಸಿದರೆ ಯಾರಿಗೋ ಗ್ರಹಚಾರ ಎಂದು ಅರ್ಥ. ಎಲ್ಲವನ್ನೂ ಹೇಳಿದೆ. ಕನ್ನಡಕ ಮೇಲೆ ಹೋಯಿತು.

"ಯಾವತ್ತಿನ ವಿಷಯ ಇದು?"

"ಆಗಸ್ಟ್ ಹದಿನೇಳು."

"ಆರು ತಿಂಗಳು ಹೊಟ್ಟೇಲಿ ಇಟ್ಕೊಂಡು ತಿರುಗಿದ್ಯಾ? ವರದಿ ಫಾರಂ ಯಾಕೆ ತುಂಬಲಿಲ್ಲ?"

"ಲಸಿಕೆ ಹೆಸರು ಕೆಡುತ್ತೆ ಅಂತ."

"ಲಸಿಕೆ ಏನು ನೀನು ಮದುವೆ ಮಾಡಿಕೊಡಬೇಕಾದ ಮಗಳಾ, ಹೆಸರು ಕೆಡೋಕೆ? ನಿನ್ನ ಹಳದಿ ಕರಪತ್ರದಲ್ಲಿ 'ಅಪರೂಪ' ಅಂತ ಒಂದು ಮಾತು ಅಚ್ಚಾಗಿದೆ ನೋಡು. ಅದು ಎಲ್ಲಿಂದ ಬಂತು ಅಂದ್ಕೊಂಡೆ? ಎಲ್ಲೋ ಒಬ್ಬ ನರ್ಸು ಕೂತು ಫಾರಂ ತುಂಬಿದ್ದಕ್ಕೆ ಬಂತು. ನೀವೆಲ್ಲ ಮುಚ್ಚಿಟ್ರೆ ಆ ಮಾತನ್ನ ನಂಬೋದು ಹೇಗಪ್ಪ?"

ಆಕೆ ಖಾಲಿ ಫಾರಂ ಒಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಅಕ್ಕನಿಗೆ ಮುಂಚೆ ಹೇಳಿದ್ಯಾ, ಏನಾಗಬಹುದು ಅಂತ?"

ಇಲ್ಲ ಅಂದೆ. ಅಕ್ಕಾ, ಇದು ನಿನಗೆ ಗೊತ್ತಿಲ್ಲದ ಭಾಗ. ಸೂಜಿ ಹಾಕಿದ ಮೇಲೆ ನಾವು ಪ್ರತಿ ತಾಯಿಗೂ ನಾಲ್ಕು ಮಾತು ಹೇಳಬೇಕು. ಇದು ಯಾವ ಲಸಿಕೆ, ಯಾವ ಕಾಯಿಲೆಯನ್ನು ತಡೆಯುತ್ತದೆ. ಆಮೇಲೆ ಏನಾಗಬಹುದು, ಆದರೆ ಏನು ಮಾಡಬೇಕು. ಮತ್ತೆ ಯಾವಾಗ ಬರಬೇಕು. ಕಾರ್ಡನ್ನು ಜೋಪಾನ ಮಾಡಿ. ಎರಡನೆಯ ಮಾತನ್ನು ನಾನು ಯಾರಿಗೂ ಸರಿಯಾಗಿ ಹೇಳುತ್ತಿರಲಿಲ್ಲ. ಜ್ವರ ಬರಬಹುದು ಎಂದು ಗೊಣಗಿ ಮೂರಕ್ಕೆ ಹೋಗುತ್ತಿದ್ದೆ. ಭಯವನ್ನು ನಾವೇ ಯಾಕೆ ಬಿತ್ತಬೇಕು ಎಂದು. ನಿನಗೆ ಅದನ್ನೂ ಗೊಣಗಲಿಲ್ಲ. ನೀನು ನನ್ನ ಅಕ್ಕ, ನಿನಗೆ ಹೇಳಬೇಕಾಗಿಲ್ಲ ಎಂದುಕೊಂಡೆ.

ಇನ್ನೊಂದು ಇದೆ. ನೀನು ಬಾಗಿಲಿಗೆ ಬಂದಾಗ ನಾನು ಅವಳನ್ನು ನೋಡಿದೆ. ತುಟಿ ಇನ್ನೂ ಬಿಳಿಯಾಗಿತ್ತು. ಕೈಯಲ್ಲಿ ಕಸುವಿರಲಿಲ್ಲ. ನಾನು ಕಂಡೆ ಅಕ್ಕ. ಕಂಡೇ ಬೆಂಚಿನ ಕಡೆಗೆ ತಿರುಗಿ ನಕ್ಕೆ. ಹದಿನೈದು ಜನ ಎದ್ದು ಹೋಗಬಾರದು ಎಂದು. ಡಾಕ್ಟರನ್ನು ಕರೆಯಬೇಕಿತ್ತು, ಒಂದು ದಿನ ಅವಳನ್ನು ಅಲ್ಲೇ ಇಟ್ಟುಕೊಂಡು ನೋಡಬೇಕಿತ್ತು. ಅವಳು ಸರಿಹೋದದ್ದು ನನ್ನ ಪುಣ್ಯವಲ್ಲ.

ಮರುದಿನ ಡಾಕ್ಟರ್ ಮುಂದೆ ಫಾರಂ ತುಂಬಿದೆ. ಅವರು ನಿನ್ನ ಜನವರಿಯ ಕಾಗದವನ್ನು ಎರಡು ಸಲ ಓದಿದರು. ಇದು ಲಸಿಕೆಯಿಂದಲೇ ಆಗಿರಬೇಕು ಎಂದರು. ಈ ಲಸಿಕೆ ಹಾಕಿದ ಕೆಲವು ಗಂಟೆಗಳಲ್ಲಿ, ಸಾವಿರ ಎರಡು ಸಾವಿರದಲ್ಲಿ ಒಂದು ಮಗುವಿಗೆ ಹೀಗಾಗುತ್ತದಂತೆ: ಬಿಳಿಚಿಕೊಳ್ಳುತ್ತದೆ, ಮೈ ಸಡಿಲವಾಗುತ್ತದೆ, ಕರೆದರೆ ಓಗೊಡುವುದಿಲ್ಲ. ತಾನಾಗಿಯೇ ಸರಿಹೋಗುತ್ತದೆ, ಹಿಂದೆ ಏನನ್ನೂ ಬಿಟ್ಟು ಹೋಗುವುದಿಲ್ಲ. "ನಿಮ್ಮ ಅಕ್ಕ ಎಷ್ಟು ಚೆನ್ನಾಗಿ ನೋಡಿದ್ದಾರೆ ಅಂದ್ರೆ ನಮ್ಮ ಪುಸ್ತಕದಲ್ಲೂ ಇಷ್ಟು ಚೆನ್ನಾಗಿಲ್ಲ" ಅಂದರು.

ನನ್ನ ಕೈಯಿಂದ ಸೂಜಿ ತೆಗೆದಿದ್ದಾರೆ. ಎಷ್ಟು ದಿನ ಎಂದು ಹೇಳಿಲ್ಲ. ಈಗ ನನ್ನ ಕೆಲಸ ಗೋಡೆಯ ಪಕ್ಕ ನಿನ್ನ ಬಟ್ಟೆಯ ಕೆಳಗೆ ಕೂತು ಕಾರ್ಡು ಸರಿಸುವುದು, ಮತ್ತು ಸೂಜಿ ಹಾಕಿಸಿಕೊಂಡವರ ಜೊತೆ ಅರ್ಧ ಗಂಟೆ ಬೆಂಚಿನ ಮೇಲೆ ಕೂರುವುದು. ನಾಲ್ಕೂ ಮಾತು ಹೇಳುತ್ತೇನೆ. ಎರಡನೆಯದನ್ನು ನಿಧಾನವಾಗಿ. ಯಾರೂ ಎದ್ದು ಹೋಗಿಲ್ಲ, ಅಕ್ಕ. ಈ ಎರಡು ವಾರದಲ್ಲಿ ಒಬ್ಬರೂ ಎದ್ದು ಹೋಗಿಲ್ಲ. ಒಬ್ಬಳು ಮಾತ್ರ, "ಹಾಗಾದ್ರೆ ಯಾರಿಗೆ ಫೋನ್ ಮಾಡ್ಬೇಕು, ನಂಬರ್ ಬರ್ಕೊಡಿ" ಅಂದಳು.

ಕಾರ್ಡ್ ಇದರ ಜೊತೆಗಿದೆ. ಷರಾ ಸಾಲು ನೋಡು. ಜಾಗ ಸಾಲದೆ ಹಿಂಬದಿಗೂ ಬರೆದಿದ್ದೇನೆ. "ತಾಯಿ ಕಂಡದ್ದು" ಎಂದು ಶುರುಮಾಡಿ, ಹೊಡೆದುಹಾಕಿ, "ತಾಯಿಯೂ ನಾನೂ ಕಂಡದ್ದು" ಎಂದು ಬರೆದೆ. ಹೊಡೆದುಹಾಕಿದ್ದು ಕಾಣುತ್ತದೆ. ಕಾಣಲಿ.

ತಮ್ಮ


ಮಾರ್ಚ್ 10

ತಮ್ಮಾ,

ಕಾರ್ಡ್ ಬಂತು. ಹಿಂಬದಿಯನ್ನೂ ಓದಿದೆ. ಅದರ ಬಗ್ಗೆ ಈಗ ಬರೆಯಲಾರೆ.

ಮೇಲಿನ ಮನೆಯವರ ಮೊಮ್ಮಗಳಿಗೆ ದಡಾರ. ಶುಕ್ರವಾರದಿಂದ. ನಮ್ಮ ಬೀದಿಯಲ್ಲಿ ಇನ್ನೆರಡು ಮನೆಗಳಲ್ಲೂ ಇದೆ ಅಂತೆ. ಆಕೆ ಮೆಟ್ಟಿಲ ಮೇಲೆ ಕೂತು ಫೋನ್ ಕೈಯಲ್ಲಿ ಹಿಡಿದುಕೊಂಡಿರುತ್ತಾರೆ, ನೋಡುತ್ತಿರುವುದಿಲ್ಲ. ಇವತ್ತು ನನ್ನನ್ನು ಕಂಡು, "ನಿನ್ನ ಮಗೂನ ಮೇಲಕ್ಕೆ ಕರ್ಕೊಂಡು ಬರ್ಬೇಡಮ್ಮ" ಎಂದು ಹೇಳಿ ಬಾಗಿಲು ಹಾಕಿಕೊಂಡರು. ಆಕೆಯನ್ನು ಆಡಿಕೊಳ್ಳಬೇಡ.

ನಿನ್ನ ಭಾವ ಬರುವುದು ಇಪ್ಪತ್ತೈದಕ್ಕೆ. ಬಟ್ಟೆ ಕಾರ್ಖಾನೆಗೆ ರಜೆ ಹಾಕಿದ್ದೇನೆ. ಕಿಟಕಿ ಮುಚ್ಚಿಕೊಂಡು ಕೂತಿದ್ದೇನೆ, ಕಿಟಕಿ ಮುಚ್ಚಿದರೆ ಏನೂ ಆಗುವುದಿಲ್ಲ ಎಂದು ಗೊತ್ತಿದ್ದೂ. ಬಟನ್ ಗೋಡೆ ಹಿಡಿದು ನಿಲ್ಲುತ್ತಾಳೆ. ನಾನು ಅವಳನ್ನು ಕೂರಿಸುತ್ತಿದ್ದ ಬಟ್ಟೆ ತುಂಡಿನ ಬುಟ್ಟಿಯಲ್ಲಿ ಇನ್ನು ಹಿಡಿಸುವುದಿಲ್ಲ.

ಮೊನ್ನೆ ಎಂಟಕ್ಕೆ ಒಂಬತ್ತು ತಿಂಗಳಾಯಿತು. ನಾನು ಎರಡು ಸಲ ಚಪ್ಪಲಿ ಹಾಕಿಕೊಂಡು ಎರಡು ಸಲ ಬಿಚ್ಚಿದೆ.

ಒಂದೇ ಪ್ರಶ್ನೆ. ಕರಪತ್ರ ಬೇಡ. ಮತ್ತೆ ಹಾಗಾಗುತ್ತದೆಯೇ?

ಅಕ್ಕ


ಮಾರ್ಚ್ 14

ಅಕ್ಕಾ,

ನಿನ್ನ ಕಾಗದ ಇವತ್ತು ಬೆಳಿಗ್ಗೆ ಬಂತು. ಒಂದು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಮತ್ತೆ ಮಾಡಲಿಲ್ಲ. ಇದನ್ನು ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ.

ಉತ್ತರ: ಆಗುವುದಿಲ್ಲ ಎಂದು ಆಣೆ ಮಾಡಿ ಹೇಳಲಾರೆ. ಆಗುವ ಸಾಧ್ಯತೆ ತೀರಾ ಕಡಿಮೆ ಎಂದು ಹೇಳಬಲ್ಲೆ. ಅವತ್ತಿನದು ದಡಾರದ ಲಸಿಕೆಯಲ್ಲ, ಬೇರೆಯದು. ದಡಾರದ್ದರಲ್ಲಿ ಆಗುವುದು ಬೇರೆ ಥರ, ಬೇರೆ ಹೊತ್ತಿನಲ್ಲಿ. ಒಂದು ವಾರ ಕಳೆದ ಮೇಲೆ, ಹನ್ನೆರಡು ದಿನದ ಒಳಗೆ ಜ್ವರ ಬರಬಹುದು, ಮೈಮೇಲೆ ಸಣ್ಣಗೆ ಕೆಂಪು ಗುಳ್ಳೆ ಏಳಬಹುದು, ಎರಡು ಮೂರು ದಿನದಲ್ಲಿ ಹೋಗುತ್ತದೆ. ಜ್ವರ ಏರಿದಾಗ ಅಪರೂಪಕ್ಕೆ ಕೆಲವು ಮಕ್ಕಳಿಗೆ ಫಿಟ್ಸ್ ಬರುತ್ತದೆ. ಬಂದರೆ ಮಗ್ಗುಲಿಗೆ ಮಲಗಿಸು, ಬಾಯಿಗೆ ಏನೂ ಹಾಕಬೇಡ, ಆಸ್ಪತ್ರೆಗೆ ಕರೆದುಕೊಂಡು ಹೋಗು. ಇನ್ನೂ ಅಪರೂಪಕ್ಕೆ, ಸೂಜಿ ಹಾಕಿದ ಕೆಲವೇ ನಿಮಿಷದಲ್ಲಿ ಮೈ ಒಗ್ಗದೆ ಉಸಿರಿಗೆ ತೊಂದರೆಯಾಗುತ್ತದೆ. ಅದಕ್ಕೆ ಔಷಧ ಅಲ್ಲೇ ಇರುತ್ತದೆ, ಅದಕ್ಕೇ ಅರ್ಧ ಗಂಟೆ ಕೂರಿಸುವುದು. ಯಾರು ಅವಸರ ಮಾಡಿದರೂ ಏಳಬೇಡ. ಅವತ್ತು ನಿನ್ನನ್ನು ಐದು ನಿಮಿಷಕ್ಕೆ ಏಳಿಸಿದವನು ನಾನೇ.

ಉಳಿದಿರುವ ಹದಿನಾಲ್ಕು ವಾರದ್ದನ್ನೂ ಹಾಕಿಸಬಹುದು, ಹಿಂದೆ ಒಮ್ಮೆ ಹಾಗಾದ ಮಕ್ಕಳಿಗೆ ಮತ್ತೆ ಆಗುವುದು ಕಡಿಮೆ ಎಂದು ಡಾಕ್ಟರ್ ಹೇಳಿದರು. ತಡವಾದದ್ದಕ್ಕೆ ಮೊದಲಿನಿಂದ ಶುರುಮಾಡಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಅಲ್ಲಿನ ನರ್ಸ್‌ಗೆ ಕಾರ್ಡ್ ಕೊಟ್ಟು ಮೊದಲು ಹಿಂಬದಿ ಓದಲು ಹೇಳು. ಓದದೆ ಸೂಜಿ ತೆಗೆದುಕೊಂಡರೆ ಮಗುವನ್ನು ಎತ್ತಿಕೊಂಡು ಎದ್ದುಬಿಡು. ಇದನ್ನು ನಾನೇ ಬರೆಯುತ್ತಿದ್ದೇನೆ.

ದಡಾರ ಬಂದರೆ ಏನಾಗುತ್ತದೆ ಎಂದು ಬರೆಯುವುದಿಲ್ಲ. ಅದನ್ನು ನನಗಿಂತ ಚೆನ್ನಾಗಿ ನೀನು ಬಲ್ಲೆ.

ಬಸ್ಸು ಸಂಜೆ ನಾಲ್ಕಕ್ಕೆ ಇದೆ. ಬಾ ಅಂದರೆ ಬರುತ್ತೇನೆ. ಬೇಡ ಅಂದರೆ ಬರುವುದಿಲ್ಲ.

ತಮ್ಮ


ಏಪ್ರಿಲ್ 2

ತಮ್ಮಾ,

ಕೆಲಸ ಮುಗಿದ ಮೇಲೆ ಬರೆಯೋಣ ಎಂದು ಕಾದೆ. ಸೂಜಿ ಹಾಕಿಸಿ ಇವತ್ತಿಗೆ ಹದಿನೈದು ದಿನ ಆಯಿತು.

ಮಾರ್ಚ್ 18ಕ್ಕೆ ಹೋದೆ. ಇಲ್ಲಿಯ ನರ್ಸ್ ಸಣ್ಣ ಹುಡುಗಿ, ಕೂದಲಿಗೆ ಪೆನ್ನು ಸಿಕ್ಕಿಸಿಕೊಂಡಿರುತ್ತಾಳೆ. ಕಾರ್ಡ್ ಕೊಟ್ಟೆ. "ಹಿಂದೆ ಓದಿ" ಅಂದೆ. ನಿಂತುಕೊಂಡು ಓದಲು ಶುರುಮಾಡಿದವಳು ಕೂತುಕೊಂಡು ಓದಿದಳು. ಇದನ್ನು ಬರೆದವರು ಯಾರು ಎಂದು ಕೇಳಿದಳು. ಸೂಜಿ ಹಾಕಿದವರೇ ಅಂದೆ. ಇನ್ನೊಂದು ಸಲ ಓದಿದಳು. "ಹೀಗೆ ಯಾರೂ ಬರೆಯಲ್ಲ" ಅಂದಳು.

ಡಾಕ್ಟರ್ ಬಂದು ನೋಡಿದರು. ಎರಡೂ ಲಸಿಕೆ ಒಂದೇ ದಿನ ಹಾಕಬಹುದು, ಕಾಯುವುದೇನೂ ಬೇಕಾಗಿಲ್ಲ ಎಂದರು. ನನ್ನ ಧೈರ್ಯ ಒಂದಕ್ಕೇ ಸಾಕಿತ್ತು. ದಡಾರದ್ದು ಹಾಕಿಸಿದೆ. ಇನ್ನೊಂದಕ್ಕೆ ಮುಂದಿನ ತಿಂಗಳು ಬರುತ್ತೇನೆ ಅಂದೆ, ಬೈಯದೆ ದಿನ ಬರೆದುಕೊಟ್ಟರು. ಅರ್ಧ ಗಂಟೆ ಅಂದಿದ್ದರು, ನಾನು ಎರಡು ಗಂಟೆ ಕೂತೆ. ಹುಡುಗಿ ಎರಡು ಸಲ ನೀರು ತಂದುಕೊಟ್ಟಳು.

ಒಂಬತ್ತನೆಯ ದಿನ ಜ್ವರ ಬಂತು. ನೀನು ಬರೆದದ್ದನ್ನು ಗೋಡೆಗೆ ಅಂಟಿಸಿದ್ದೆ. ಅದರ ಮುಂದೆ ನಿಂತು ಓದಿದೆ. ಎರಡು ದಿನಕ್ಕೆ ಹೋಯಿತು. ಮೇಲಿನ ಮನೆಯ ಮೊಮ್ಮಗಳು ಆಸ್ಪತ್ರೆಯಿಂದ ಬಂದಿದ್ದಾಳೆ. ಒಂದು ಕಿವಿ ಇನ್ನೂ ಸೋರುತ್ತಿದೆ.

ಬೇಡ ಎಂದು ನಾನು ಬರೆಯಲಿಲ್ಲ. ಬಾ ಎಂದೂ ಬರೆಯಲಿಲ್ಲ. ಇಲ್ಲಿ ಸೂಜಿ ಹಾಕಿಸುವಾಗ ನೀನು ಪಕ್ಕದಲ್ಲಿದ್ದಿದ್ದರೆ ನಾನು ಮಗುವನ್ನು ನೋಡದೆ ನಿನ್ನ ಮುಖವನ್ನೇ ನೋಡುತ್ತಿದ್ದೆ. ನಿನ್ನ ಮುಖವನ್ನು ನಂಬಲು ಇನ್ನೂ ಆಗುತ್ತಿಲ್ಲ. ಕೈಬರಹವನ್ನು ನಂಬುತ್ತೇನೆ.

ಇನ್ನು ಮುಂದೆ ಅವಳಿಗೆ ಎಲ್ಲವೂ ಇಲ್ಲೇ. ಆ ಬಟ್ಟೆಯಿಂದ ಅವಳ ಅರ್ಧವನ್ನು ತೆಗೆದುಬಿಡು. ತಿಂಗಳು ತಿಂಗಳು ಸರಿಸಬೇಡ.

ಅಕ್ಕ


ಏಪ್ರಿಲ್ 12

ಅಕ್ಕಾ,

ಸಂತೋಷವಾಯಿತು ಎಂದು ಬರೆದು, ಆ ಮಾತನ್ನು ಬಹಳ ಹೊತ್ತು ನೋಡಿದೆ. ನಿಜವಾಗಿಯೂ ಸಂತೋಷವಾಗಿದೆ.

ಏಪ್ರಿಲ್ ಜೇಬಿನಿಂದ ಅವಳ ಅರ್ಧವನ್ನು ತೆಗೆದೆ. ಎಂಟು ತಿಂಗಳು ನನ್ನ ಬೆರಳು ತಾಗಿ ಮೂಲೆ ಮೆತ್ತಗಾಗಿದೆ. ನಿಯಮದ ಪ್ರಕಾರ ಅದು ಹದಿಮೂರನೆಯ ಜೇಬಿಗೆ ಹೋಗಬೇಕು. ನೀನು ಇದನ್ನು ಹೊಲಿಯುವಾಗ ಆ ಕೆಳಗಿನದು ಯಾತಕ್ಕೆ ಎಂದು ಕೇಳಿದ್ದೆ. ಇನ್ನು ಇಲ್ಲಿಗೆ ಬರದವರಿಗೆ ಎಂದು ನಾನು ಹೇಳಿದ್ದೆ. ಪೂರ್ತಿ ಹೇಳಿರಲಿಲ್ಲ. ಬೇರೆ ಊರಿಗೆ ಹೋದ ಮಕ್ಕಳ ಕಾರ್ಡೂ ಅಲ್ಲೇ, ತೀರಿಕೊಂಡ ಮಕ್ಕಳ ಕಾರ್ಡೂ ಅಲ್ಲೇ. ಎರಡನ್ನೂ ಒಟ್ಟಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ ಇಡುತ್ತೇವೆ.

ಎರಡು ದಿನ ಅದನ್ನು ನನ್ನ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ. ನರ್ಸಮ್ಮ ನೋಡಿ, "ಅದೇನು ಬಸ್ ಪಾಸಾ? ಇಡಬೇಕಾದ ಕಡೆ ಇಡು" ಅಂದರು. ನಿನ್ನೆ ಇಟ್ಟೆ. ಇಡುವಾಗ ಪಕ್ಕದಲ್ಲಿ ಬಂದ ಕಾರ್ಡ್ ಯಾರದು ಎಂದು ನೋಡಬಾರದಾಗಿತ್ತು, ನೋಡಿದೆ. ಹೋದ ವರ್ಷದ ಮಗು. ನಾಯಿಕೆಮ್ಮು. ಅದರ ತಾಯಿಯ ಮನೆಗೆ ನಾನು ಮೂರು ಸಲ ಹೋಗಿದ್ದೆ, ಮೂರು ಸಲವೂ ನಾನೇ ಮಾತಾಡಿ ಬಂದಿದ್ದೆ. ಆಕೆಗೆ ಏನು ಭಯವಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿರಲಿಲ್ಲ.

ಬೆಂಚಿನ ಕೆಲಸ ಮುಂದುವರಿದಿದೆ. ಬರುವ ತಿಂಗಳಿಂದ ಸೂಜಿ ತೆಗೆದುಕೋ ಎಂದು ನರ್ಸಮ್ಮ ಹೇಳಿದ್ದಾರೆ. ಇನ್ನೂ ಸ್ವಲ್ಪ ದಿನ ಬೆಂಚಿನ ಮೇಲೇ ಇರುತ್ತೇನೆ ಎಂದು ಕೇಳಿಕೊಂಡಿದ್ದೇನೆ. ಅರ್ಧ ಗಂಟೆಯಲ್ಲಿ ಜನ ಎಷ್ಟೊಂದು ಹೇಳುತ್ತಾರೆ. ಕೊನೆಯ ತಾಯಿ ಎದ್ದು ಹೋದ ಮೇಲೆ ಬೆಂಚು ಒರೆಸುತ್ತೇನೆ. ಮನೆಯಲ್ಲಿ ಎರಡು ಲೋಟ ತೊಳೆದಿಡುವ ಅಭ್ಯಾಸ ಹೋಗಿಲ್ಲ.

ಬರೆಯಬೇಕೆನ್ನಿಸಿದರೆ ಬರೆ. ಇಲ್ಲದಿದ್ದರೂ ಪರವಾಗಿಲ್ಲ.

ತಮ್ಮ


ಏಪ್ರಿಲ್ 24

ತಮ್ಮಾ,

ಹದಿನೆಂಟಕ್ಕೆ ಹದಿನಾಲ್ಕು ವಾರದ್ದು ಆಯಿತು. ಹತ್ತು ತಿಂಗಳಿಗೆ ಹದಿನಾಲ್ಕು ವಾರದ್ದು, ನಗಬೇಡ. ಹತ್ತೂವರೆಗೇ ಹಾಕಿಸಿದೆ, ಬೇಕೆಂದೇ. ಇಡೀ ಮಧ್ಯಾಹ್ನ ಕೇಂದ್ರದ ಬೆಂಚಿನ ಮೇಲೇ ತೊಡೆಯಲ್ಲಿ ಇಟ್ಟುಕೊಂಡು ಗಡಿಯಾರದ ಎದುರಿಗೆ ಕೂತೆ. ಎರಡೂವರೆ ಆಯಿತು. ಎರಡೂ ಮುಕ್ಕಾಲಾಯಿತು. ಅವಳು ನನ್ನ ಹೆಬ್ಬೆರಳು ಕಚ್ಚಿದಳು. ಎರಡು ಹಲ್ಲು ಬಂದಿವೆ. ರಕ್ತ ಬಂತು. ಕಚ್ಚಲಿ ಎಂದು ಬಿಟ್ಟೆ.

ಆರಕ್ಕೆ ಎತ್ತಿಕೊಂಡು ಮನೆಗೆ ನಡೆದೆ. ದಾರಿಯುದ್ದಕ್ಕೂ ಒದೆಯುತ್ತಿದ್ದಳು. ತೋಳು ನೋಯಿತು. ಒದೆಯುವ ಮೈಯ ತೂಕ ಬೇರೆ.

ಇದರ ಜೊತೆಗೆ ಒಂದು ಪೊಟ್ಟಣ ಇದೆ. ಒಳಗಿರುವುದು ಒಂದು ಜೇಬು, ನಿನ್ನ ಗೋಡೆಯ ಬಟ್ಟೆಯದೇ ಬಣ್ಣ, ಹಳೆಯ ತುಂಡು ನನ್ನ ಹತ್ತಿರ ಉಳಿದಿತ್ತು. ಮೇಲೆ ಮುಚ್ಚಳವಿಲ್ಲ, ಗುಂಡಿಯಿಲ್ಲ. ತೆರೆದೇ ಇರಲಿ. ಹದಿಮೂರನೆಯದರ ಪಕ್ಕದಲ್ಲಿ ಹೊಲಿ. ನಿನಗೆ ಹೊಲಿಯಲು ಬರುವುದಿಲ್ಲ ಎಂದು ಸೂಜಿಗೆ ದಾರ ಪೋಣಿಸಿಯೇ ಸಿಕ್ಕಿಸಿದ್ದೇನೆ. ಈ ಸೂಜಿ ಹಿಡಿಯಲು ಯಾರೂ ನಿನ್ನನ್ನು ತಡೆಯುವುದಿಲ್ಲ.

ರಬ್ಬರ್ ಬ್ಯಾಂಡ್ ಬಿಚ್ಚಿ ಕಾರ್ಡುಗಳನ್ನು ಬೇರೆ ಮಾಡು. ತೀರಿಕೊಂಡವರು ಅಲ್ಲೇ ಇರಲಿ. ಬಟನ್‌ನ ಕಾರ್ಡನ್ನು ಇದರಲ್ಲಿ ಇಡು. ನಾವು ಬೇರೆ ಊರಿಗೆ ಹೋದವರು, ಅಷ್ಟೇ.

ಅಕ್ಕ